ಟವರ್ ಕಡ್ಡಿ ತುಂಬಿವೆ, ಇಂಟರ್ನೆಟ್ ಇಲ್ಲ: ವಿದೇಶದಲ್ಲಿ ಇ-ಸಿಮ್ ಕೈಕೊಟ್ಟಾಗ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಬಿಡಿಭಾಗ ತಯಾರಿಸುವ ಸಣ್ಣ ಘಟಕ ನಡೆಸುತ್ತಿದ್ದೇನೆ. ಗ್ರಾಹಕರ ಭೇಟಿಗಾಗಿ ಜರ್ಮನಿಗೆ ಹೊರಡುವ ಮುನ್ನ ಯುರೋಪಿಗೆ ಅನ್ವಯಿಸುವ ಪ್ರವಾಸಿ ಇ-ಸಿಮ್ (ಕಾರ್ಡ್ ಇಲ್ಲದೆ, ಕ್ಯೂಆರ್ ಕೋಡ್ ಮೂಲಕ ಫೋನಿಗೆ ಇಳಿಸಿಕೊಳ್ಳುವ ಸಿಮ್) ಖರೀದಿಸಿ, ಮನೆಯ ವೈಫೈನಲ್ಲಿಯೇ ನನ್ನ ಆಂಡ್ರಾಯ್ಡ್ ಫೋನಿಗೆ ಅಳವಡಿಸಿಕೊಂಡಿದ್ದೆ. ಫ್ರಾಂಕ್‌ಫರ್ಟಿನಲ್ಲಿ ಇಳಿದಾಗ ಅಲ್ಲಿನ ಕಂಪನಿಯ ಹೆಸರೂ ನಾಲ್ಕು ಕಡ್ಡಿಗಳೂ ಕಾಣಿಸಿದವು, ಇಂಟರ್ನೆಟ್ ಮಾತ್ರ ಬರಲಿಲ್ಲ. ಪರಿಚಯದವರೊಬ್ಬರ ಸಲಹೆಯಂತೆ ಇ-ಸಿಮ್ ಅಳಿಸಿ ಮತ್ತೆ ಹಾಕಲು ಹೋದರೆ, ಕ್ಯೂಆರ್ ಕೋಡ್ ಈಗಾಗಲೇ ಬಳಕೆಯಾಗಿದೆ ಎಂಬ ಸಂದೇಶ ಬಂತು. ಉಳಿದ ನಾಲ್ಕು ದಿನ ಹೋಟೆಲಿನ ವೈಫೈ ನಂಬಿಕೊಂಡೇ ಕಳೆದೆ. ಮುಂದಿನ ತಿಂಗಳು ಮತ್ತೆ ಹೋಗಬೇಕಿದೆ. ತಪ್ಪಿದ್ದು ಎಲ್ಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ. ಕಂಪನಿಯ ಹೆಸರು ಮತ್ತು ಕಡ್ಡಿಗಳು ಕಾಣಿಸಿದವು ಎಂದರೆ ಇ-ಸಿಮ್ ಪ್ರೊಫೈಲ್ (ಕಾರ್ಡಿನ ಬದಲು ಫೋನಿಗೆ ಇಳಿಯುವ ಸಿಮ್ ಮಾಹಿತಿ) ಸರಿಯಾಗಿ ಇಳಿದಿತ್ತು, ಜರ್ಮನಿಯ ನೆಟ್‌ವರ್ಕ್ ಅದನ್ನು ಗುರುತಿಸಿ ಒಳಗೆ ಬಿಟ್ಟುಕೊಂಡಿತ್ತು ಎಂದೇ ಅರ್ಥ. ಪ್ರೊಫೈಲಿನಲ್ಲಿಯೇ ದೋಷವಿದ್ದಿದ್ದರೆ ‘ನೋ ಸರ್ವಿಸ್’ ಎಂದು ಬರುತ್ತಿತ್ತು. ಸಂಪರ್ಕವಾದ ಮೇಲೆ ಇಂಟರ್ನೆಟ್ ಹರಿಯದಿರುವುದು ಹೆಚ್ಚಾಗಿ ಫೋನಿನ ಸೆಟ್ಟಿಂಗ್‌ಗೆ ಸಂಬಂಧಿಸಿದ ತೊಂದರೆ. ಹೀಗಾಗಿ, ನೆಟ್ಟಗಿದ್ದ ಭಾಗವನ್ನೇ ನೀವು ಅಳಿಸಿಹಾಕಿದಿರಿ.

ಇಂಥ ಹತ್ತು ದೂರುಗಳು ಬಂದರೆ ನಾನು ಮೊದಲು ಕೇಳುವುದು ಡೇಟಾ ರೋಮಿಂಗ್ ಚಾಲೂ ಇತ್ತೇ ಎಂಬುದನ್ನು. ‘ಅಲ್ಲಿಯದೇ ಸಿಮ್ ಕೊಂಡ ಮೇಲೆ ರೋಮಿಂಗ್ ಯಾಕೆ’ ಎಂದು ಅನೇಕರು ಮರುಪ್ರಶ್ನೆ ಹಾಕುತ್ತಾರೆ. ಆದರೆ ಪ್ರವಾಸಿ ಇ-ಸಿಮ್ ಬಹುತೇಕ ಸಂದರ್ಭಗಳಲ್ಲಿ ನೀವು ಹೋಗುವ ದೇಶದ್ದಾಗಿರುವುದಿಲ್ಲ. ಮೂರನೆಯ ಯಾವುದೋ ದೇಶದ ಕಂಪನಿಯ ಪ್ರೊಫೈಲ್ ಜರ್ಮನಿಯ ನೆಟ್‌ವರ್ಕಿನಲ್ಲಿ ಅತಿಥಿಯಾಗಿ ಓಡಾಡುತ್ತದೆ. ಒಂದೇ ಇ-ಸಿಮ್ ಹತ್ತಾರು ದೇಶಗಳಲ್ಲಿ ನಡೆಯುವುದು ಇದರಿಂದಲೇ. ಫೋನಿನ ಲೆಕ್ಕದಲ್ಲಿ ಅದು ಸದಾ ರೋಮಿಂಗಿನಲ್ಲಿಯೇ ಇರುವುದರಿಂದ, ಆ ಸ್ವಿಚ್ಚು ಬಂದ್ ಆಗಿದ್ದರೆ ಕಡ್ಡಿಗಳು ತುಂಬಿದ್ದರೂ ಒಂದು ಬೈಟ್ ಡೇಟಾ ಸಹ ಬರುವುದಿಲ್ಲ. ಬೆಳಗಾವಿಯವರಿಗೆ ಇದರಲ್ಲೊಂದು ಹಳೆಯ ಅಭ್ಯಾಸದ ಪಾಲೂ ಇದೆ ಎಂದು ನನ್ನ ಗುಮಾನಿ. ನಿಪ್ಪಾಣಿ ದಾಟಿ ಮಹಾರಾಷ್ಟ್ರದ ಕಾಗಲ್ ಮುಟ್ಟುವಷ್ಟರಲ್ಲಿ ಮೊಬೈಲಿನಲ್ಲಿ ರೋಮಿಂಗ್ ಗುರುತು ಮೂಡಿ ಬ್ಯಾಲೆನ್ಸ್ ಕರಗುತ್ತಿದ್ದ ದಿನಗಳನ್ನು ಕಂಡವರು ನಾವು. ಆ ಸ್ವಿಚ್ಚು ಬಂದ್ ಇರುವುದೇ ಕ್ಷೇಮ ಎಂಬುದು ನಮ್ಮ ಕೈಗೆ ರೂಢಿಯಾಗಿದೆ. ಈಗಿನ ಬಹುತೇಕ ಫೋನುಗಳಲ್ಲಿ ಎರಡೂ ಸಿಮ್‌ಗಳಿಗೆ ಪ್ರತ್ಯೇಕ ರೋಮಿಂಗ್ ಸ್ವಿಚ್ಚು ಇರುತ್ತದೆ. ಊರಿನ ಸಿಮ್‌ನದು ಬಂದ್ ಇರಲಿ, ಪ್ರವಾಸಿ ಇ-ಸಿಮ್‌ನದು ಚಾಲೂ ಇರಲಿ.

ರೋಮಿಂಗ್ ಚಾಲೂ ಇದ್ದೂ ಬಾರದಿದ್ದರೆ, ಮೊಬೈಲ್ ಡೇಟಾಕ್ಕೆ ಯಾವ ಸಿಮ್ ಆಯ್ಕೆಯಾಗಿದೆ ಎಂದು ನೋಡಬೇಕು. ಅನೇಕ ವೇಳೆ ಅದು ಊರಿನ ಸಿಮ್ಮಿನ ಮೇಲೆಯೇ ನಿಂತಿರುತ್ತದೆ. ಅದರ ನಂತರ ಎಪಿಎನ್. ನಿಮ್ಮ ಡೇಟಾ ಯಾವ ಬಾಗಿಲಿನಿಂದ ಇಂಟರ್ನೆಟ್ಟಿಗೆ ಹೋಗಬೇಕು ಎಂಬುದನ್ನು ಫೋನಿಗೆ ತಿಳಿಸುವ ಹೆಸರದು. ಕೆಲವು ಇ-ಸಿಮ್‌ಗಳು ಅದನ್ನು ತಾವೇ ತುಂಬಿಕೊಳ್ಳುತ್ತವೆ, ಕೆಲವು ತುಂಬಿಕೊಳ್ಳುವುದಿಲ್ಲ. ಮಾರಾಟಗಾರರು ಕಳಿಸಿದ ಇಮೇಲಿನಲ್ಲಿ ಎಪಿಎನ್ ಎಂದು ಕೊಟ್ಟಿರುವ ಪದವನ್ನು ಅಕ್ಷರಶಃ ಹಾಗೆಯೇ ನಮೂದಿಸಿ. ಕೊನೆಯಲ್ಲೊಂದು ಖಾಲಿ ಜಾಗ ಸೇರಿಕೊಂಡರೂ ಸಂಪರ್ಕ ಸಿಗದು. ಅವರು ಕೊಟ್ಟಿಲ್ಲವಾದರೆ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಖಾಲಿ ಇರಬೇಕು. ಕಚೇರಿಯ ವಿಪಿಎನ್ ಅಥವಾ ಜಾಹೀರಾತು ತಡೆಯಲೆಂದು ಹಾಕಿಕೊಂಡ ಪ್ರೈವೇಟ್ ಡಿಎನ್‌ಎಸ್ ಇದ್ದರೆ ಪರೀಕ್ಷಿಸುವಾಗ ಅವನ್ನೂ ತೆಗೆದಿಡಿ. ಪ್ರತಿ ಬದಲಾವಣೆಯ ನಂತರ ಅರ್ಧ ನಿಮಿಷ ಫ್ಲೈಟ್ ಮೋಡ್ ಹಾಕಿ ತೆಗೆದರೆ ಫೋನು ಹೊಸದಾಗಿ ನೋಂದಾಯಿಸಿಕೊಳ್ಳುತ್ತದೆ.

ಇಷ್ಟಾದರೂ ಆಗದಿದ್ದರೆ ನೆಟ್‌ವರ್ಕನ್ನು ಕೈಯಿಂದ ಆರಿಸಬೇಕು. ಸ್ವಯಂಚಾಲಿತ ಆಯ್ಕೆಯನ್ನು ತೆಗೆದರೆ ಒಂದೆರಡು ನಿಮಿಷದಲ್ಲಿ ಟೆಲಿಕಾಮ್, ವೊಡಾಫೋನ್, ಓ2 ಮುಂತಾದ ಹೆಸರುಗಳು ಬರುತ್ತವೆ. ನಿಮ್ಮ ಪ್ಲಾನಿನ ವಿವರದಲ್ಲಿ ಯಾವ ಹೆಸರಿದೆಯೋ ಅದನ್ನೇ ಒತ್ತಿ. ಒಪ್ಪಂದವಿಲ್ಲದ ಕಂಪನಿಯ ಸಿಗ್ನಲ್ ಎಷ್ಟೇ ಬಲವಾಗಿದ್ದರೂ ನಿಮಗೆ ಉಪಯೋಗವಿಲ್ಲ. ಬ್ಯಾಟರಿ ಉಳಿಸಲು ಫೋನನ್ನು 3ಜಿಗೆ ಸೀಮಿತಗೊಳಿಸಿದ್ದರೆ 4ಜಿ ಅಥವಾ 5ಜಿಗೆ ಬದಲಿಸಿ, ಏಕೆಂದರೆ ಈ ಮೂರೂ ಕಂಪನಿಗಳು ಜರ್ಮನಿಯಲ್ಲಿ 2021ರಲ್ಲಿಯೇ 3ಜಿ ಸೇವೆಯನ್ನು ನಿಲ್ಲಿಸಿವೆ.

ಇನ್ನು ಅಳಿಸಿದ ವಿಷಯ. ಪ್ರವಾಸಿ ಇ-ಸಿಮ್‌ಗಳ ಕ್ಯೂಆರ್ ಕೋಡ್ ಸಾಮಾನ್ಯವಾಗಿ ಒಮ್ಮೆ ಮಾತ್ರ ಬಳಸುವಂಥದು. ಪ್ರೊಫೈಲ್ ಇಳಿದ ಕೂಡಲೇ ಸರ್ವರಿನಲ್ಲಿ ಆ ಕೋಡು ಮುಗಿಯಿತೆಂದು ದಾಖಲಾಗುತ್ತದೆ. ಫೋನಿನಿಂದ ಅಳಿಸಿದ ಮಾತ್ರಕ್ಕೆ ಅದು ಮತ್ತೆ ಜೀವ ಪಡೆಯುವುದಿಲ್ಲ. ಮಾರಾಟಗಾರರು ಮನಸ್ಸು ಮಾಡಿದರೆ ಹೊಸ ಕೋಡ್ ಕೊಡಬಹುದು. ಆಗ ಅವರು ಕೇಳಬಹುದಾದ 32 ಅಂಕಿಗಳ ಇಐಡಿ (ಫೋನಿನೊಳಗಿನ ಇ-ಸಿಮ್ ಚಿಪ್ಪಿನ ಗುರುತು) ಸಂಖ್ಯೆಯು *#06# ಒತ್ತಿದರೆ ಕಾಣುತ್ತದೆ. ಅಳಿಸುವ ಬದಲು ಆ ಇ-ಸಿಮ್ ಅನ್ನು ಆಫ್ ಮಾಡಿ ಆನ್ ಮಾಡಿದ್ದರೆ ಸಾಕಿತ್ತು. ನೆಟ್‌ವರ್ಕ್ ಸೆಟ್ಟಿಂಗ್ ರಿಸೆಟ್ ಮಾಡಬೇಕಾಗಿ ಬಂದರೂ, ಇ-ಸಿಮ್ ಅಳಿಸುವ ಆಯ್ಕೆ ಎಲ್ಲಿಯಾದರೂ ಕಾಣಿಸಿದರೆ ಅದಕ್ಕೆ ಟಿಕ್ ಹಾಕಬೇಡಿ. ಮುಂದಿನ ತಿಂಗಳು ಕೋಡ್ ಮತ್ತು ಎಪಿಎನ್ ಇರುವ ಇಮೇಲಿನ ಚಿತ್ರವನ್ನು ಫೋನಿನ ಗ್ಯಾಲರಿಯಲ್ಲಿ ಇಟ್ಟುಕೊಂಡೇ ಸಾಂಬ್ರಾದಲ್ಲಿ ವಿಮಾನ ಹತ್ತಿ. ಇಂಟರ್ನೆಟ್ ಇಲ್ಲದ ಊರಿನಲ್ಲಿ ಇಮೇಲೂ ತೆರೆಯುವುದಿಲ್ಲ.

ಪ್ರಶ್ನೆ: ತಾಯಿಯವರು ಉಮ್ರಾ ಯಾತ್ರೆಗೆ ಹೊರಟಿದ್ದಾರೆ. ಸೌದಿ ಅರೇಬಿಯಾದ ಇ-ಸಿಮ್ ಅನ್ನು ವಿಜಯಪುರದ ಮನೆಯಲ್ಲಿಯೇ ಅಳವಡಿಸಿದೆವು. ‘ನೋ ಸರ್ವಿಸ್’ ಎಂದೇ ತೋರಿಸುತ್ತಿದೆ. ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಆ ಪ್ಲಾನು ಸೌದಿಗೆ ಮಾತ್ರ ಸೀಮಿತವಾಗಿದ್ದರೆ ಭಾರತದ ಯಾವ ನೆಟ್‌ವರ್ಕಿನೊಂದಿಗೂ ಅದಕ್ಕೆ ಒಪ್ಪಂದವಿರುವುದಿಲ್ಲ, ಆದ್ದರಿಂದ ಜೆಡ್ಡಾದಲ್ಲಿ ಇಳಿಯುವವರೆಗೆ ಅದು ಸುಮ್ಮನಿರುವುದೇ ಸಹಜ. ವ್ಯಾಲಿಡಿಟಿ ಅಳವಡಿಸಿದ ದಿನದಿಂದಲೇ ಶುರುವಾಗುತ್ತದೆಯೋ, ಅಲ್ಲಿ ಸಂಪರ್ಕವಾದ ಮೇಲೆಯೋ ಎಂಬುದನ್ನು ಮಾತ್ರ ಪ್ಲಾನಿನ ನಿಯಮದಲ್ಲಿ ಓದಿಕೊಳ್ಳಿ. ತಾಯಿಯವರಿಗೆ ಸೆಟ್ಟಿಂಗ್ ಬದಲಿಸುವ ರೂಢಿಯಿಲ್ಲವಾದರೆ ರೋಮಿಂಗ್ ಸ್ವಿಚ್ಚು ಮತ್ತು ಎಪಿಎನ್ ಈಗಲೇ ಸರಿಪಡಿಸಿ, ವಿಮಾನ ಹತ್ತಿಸಲು ಹೋದವರು ಕೊನೆಯಲ್ಲಿ ಡೇಟಾವನ್ನು ಇ-ಸಿಮ್‌ಗೆ ಬದಲಿಸಿಕೊಟ್ಟರೆ ಅಲ್ಲಿ ಅವರು ಮಾಡಬೇಕಾದದ್ದು ಹೆಚ್ಚೇನೂ ಉಳಿಯುವುದಿಲ್ಲ.

ಪ್ರಶ್ನೆ: ಪ್ರವಾಸಿ ಇ-ಸಿಮ್ ಹಾಕಿದರೆ ವಾಟ್ಸಾಪ್ ಸಂಖ್ಯೆ ಬದಲಾಗುತ್ತದೆಯೇ? ಬ್ಯಾಂಕಿನ ಓಟಿಪಿ ಬರುವುದೇ? (ಬಾಗಲಕೋಟೆಯ ಓದುಗರು)

ಉತ್ತರ: ಇಂಥ ಇ-ಸಿಮ್‌ಗಳಲ್ಲಿ ಹೆಚ್ಚಿನವು ಡೇಟಾಕ್ಕೆ ಮಾತ್ರ, ಕರೆ ಮಾಡುವ ಸಂಖ್ಯೆಯೇ ಇರುವುದಿಲ್ಲ. ವಾಟ್ಸಾಪ್ ಹಳೆಯ ಸಂಖ್ಯೆಯಲ್ಲಿಯೇ ನಡೆಯುತ್ತದೆ, ಸಂಖ್ಯೆ ಬದಲಿಸಬೇಕೇ ಎಂದು ಅದು ಕೇಳಿದರೆ ಬೇಡ ಎನ್ನಿ. ಓಟಿಪಿ ಬರಬೇಕಾದರೆ ಊರಿನ ಸಿಮ್ ಫೋನಿನಲ್ಲಿಯೇ ಚಾಲೂ ಇರಬೇಕು ಮತ್ತು ಅದಕ್ಕೆ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ಹೊರಡುವ ಮುನ್ನವೇ ಮಾಡಿಸಿರಬೇಕು. ಡೇಟಾ ರೋಮಿಂಗ್ ಬಂದ್ ಇದ್ದರೂ ಎಸ್‌ಎಂಎಸ್ ಬರುತ್ತದೆ. ಆದರೆ ಅದೇ ಸಿಮ್‌ಗೆ ಬಂದ ಕರೆಯನ್ನು ಎತ್ತಿಕೊಂಡರೆ ರೋಮಿಂಗ್ ಶುಲ್ಕ ಬೀಳಬಹುದು. ಐಫೋನ್ ಇರುವವರು ಡೇಟಾ ಒಂದು ಸಿಮ್ಮಿನಿಂದ ಇನ್ನೊಂದಕ್ಕೆ ತಾನಾಗಿಯೇ ಹಾರಲು ಅನುಮತಿಸುವ ‘ಮೊಬೈಲ್ ಡೇಟಾ ಸ್ವಿಚಿಂಗ್’ ಅನ್ನೂ ಬಂದ್ ಮಾಡಿಡಬೇಕು.