ಸಬ್ಜೆಕ್ಟ್ ಇಲ್ಲದ ಹದಿನೈದು ನಿಮಿಷದ ಮೀಟಿಂಗ್

ಪ್ರಶ್ನೆ: ನನಗೆ 41 ವರ್ಷ. ದೊಡ್ಡ ಐಟಿ ಕಂಪನಿಯೊಂದರಲ್ಲಿ 14 ವರ್ಷದಿಂದ ಇದ್ದೇನೆ, ಈಗ ಟೆಸ್ಟ್ ಲೀಡ್. ಆರು ತಿಂಗಳಲ್ಲಿ ಮೂರು ಸಲ ಜನರನ್ನು ತೆಗೆದಿದ್ದಾರೆ. ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ಒಂದು ಗುರುವಾರ ಮೀಟಿಂಗ್ ರೂಮಿಗೆ ಹೋದವನು ಮತ್ತೆ ಸೀಟಿಗೆ ಬರಲಿಲ್ಲ. ಅವನ ಕಾಫಿ ಮಗ್ ಇನ್ನೂ ನನ್ನ ಡ್ರಾಯರ್‌ನಲ್ಲಿದೆ. ಕ್ಯಾಲೆಂಡರ್‌ನಲ್ಲಿ ಸಬ್ಜೆಕ್ಟ್ ಇಲ್ಲದ ಮೀಟಿಂಗ್ ಕಂಡರೆ ಎದೆ ಧಸಕ್ ಅನ್ನುತ್ತದೆ. ಕೆಲಸದಲ್ಲಿ ಮನಸ್ಸಿಲ್ಲ, ರಾತ್ರಿ ನಿದ್ದೆ ಇಲ್ಲ. ಮನೆ ಸಾಲ ಇನ್ನೂ 11 ವರ್ಷ ಇದೆ. ಹೆಂಡತಿಗೆ ಏನೂ ಹೇಳಿಲ್ಲ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಆ ಮಗ್ ಕೊಟ್ಟು ಬನ್ನಿ.

ಸುಮ್ನೆ ಹೇಳುತ್ತಿಲ್ಲ. ನೀವು ಅವನಿಗೆ ಫೋನ್ ಮಾಡಿಲ್ಲ, ಅಲ್ವಾ? ಮಾಡಿದ್ದರೆ ಮಗ್ ಇಷ್ಟು ದಿನ ಡ್ರಾಯರ್‌ನಲ್ಲಿ ಇರುತ್ತಿರಲಿಲ್ಲ. ಉಳಿದವರು ಹೋದವರಿಗೆ ಫೋನ್ ಮಾಡುವುದಿಲ್ಲ. ಪ್ರೀತಿ ಇಲ್ಲ ಅಂತಲ್ಲ, ಏನು ಮಾತಾಡಬೇಕು ಅಂತ ತೋಚುವುದಿಲ್ಲ. ತಾನು ಉಳಿದೆ ಅನ್ನುವ ಸಂಕೋಚ ಬೇರೆ. ಹೋಗಿ ಒಂದು ಕಾಫಿ ಕುಡಿದು ಬನ್ನಿ. ಆ ರೂಮಿನಲ್ಲಿ ಏನಾಯಿತು, ಯಾವ ಕಾಗದ ಮುಂದಿಟ್ಟರು, ಎಷ್ಟು ಟೈಮ್ ಕೊಟ್ಟರು, ಎಲ್ಲ ಅವನೇ ಹೇಳುತ್ತಾನೆ. ನಿಮ್ಮ ಹೆದರಿಕೆಯಲ್ಲಿ ಅರ್ಧ, ಆ ಬಾಗಿಲಿನ ಹಿಂದೆ ಏನಿದೆ ಅಂತ ಗೊತ್ತಿಲ್ಲದ್ದು.

ನಾನು ಹನ್ನೆರಡು ವರ್ಷ ಎಚ್‌ಆರ್‌ನಲ್ಲಿದ್ದೆ. ಆ ಮೇಜಿನ ಆಚೆ ಬದಿ ಕೂತವನು. ಪಟ್ಟಿ ಹೇಗೆ ತಯಾರಾಗುತ್ತದೆ ಅಂತ ನೋಡಿದ್ದೇನೆ. ಎಕ್ಸೆಲ್ ಶೀಟ್. ಒಂದು ಕಾಲಮ್‌ನಲ್ಲಿ ಸಂಬಳ, ಇನ್ನೊಂದರಲ್ಲಿ ಬಿಲ್ಲಿಂಗ್ (ಆ ನೌಕರನ ಕೆಲಸಕ್ಕೆ ಕ್ಲೈಂಟ್ ಕೊಡುವ ಹಣ), ಮತ್ತೊಂದರಲ್ಲಿ ಪ್ರಾಜೆಕ್ಟ್ ಮುಗಿಯುವ ತಾರೀಕು. ರಾತ್ರಿ ಹನ್ನೊಂದರವರೆಗೆ ಕೂತು ಕೆಲಸ ಮಾಡಿದ್ದಕ್ಕೆ ಅದರಲ್ಲಿ ಕಾಲಮ್ಮೇ ಇರಲಿಲ್ಲ. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ದರ್ಜೆಯವರು ಅಂತಲೂ ಹೇಳಿತು. ನಿಮ್ಮ 14 ವರ್ಷದ ಅನುಭವ ಆ ಶೀಟಿನಲ್ಲಿ ಬರೀ ಖರ್ಚಾಗಿ ಕಾಣಬಹುದು. ಬೇಜಾರಿನ ವಿಷಯ. ಆದರೆ ನೀವು ಎಲ್ಲಿ ತಪ್ಪಿದಿರಿ ಅಂತ ರಾತ್ರಿಯೆಲ್ಲ ಹುಡುಕಿದರೂ ಉತ್ತರ ಸಿಗದೇ ಇರುವುದಕ್ಕೆ ಕಾರಣ ಅದೇ.

ಕೆಲಸ ಹೋಗುವುದು ನಮ್ಮ ಕಡೆ ಹೊಸದೇನಲ್ಲ. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಬಂತು. ಅವರ ಕಷ್ಟ ನಿಮ್ಮದಕ್ಕಿಂತ ದೊಡ್ಡದೇ. ಆದರೆ ಕೆಜಿಎಫ್‌ನಲ್ಲಿ ಸೈರನ್ ನಿಂತಾಗ ಇಡೀ ಊರಿಗೆ ಗೊತ್ತಿತ್ತು. ಯಾರೂ ಯಾರಿಂದಲೂ ಮುಚ್ಚಿಡಬೇಕಾಗಿರಲಿಲ್ಲ. ಐಟಿಯಲ್ಲಿ ಒಬ್ಬೊಬ್ಬರನ್ನೇ ಕರೆಯುತ್ತಾರೆ. ಒಬ್ಬೊಬ್ಬರೇ ಬ್ಯಾಗ್ ಎತ್ತಿಕೊಂಡು ಹೋಗುತ್ತಾರೆ. ಹಾಗಾಗಿ ಪ್ರತಿಯೊಬ್ಬನಿಗೂ ಇದು ತನ್ನೊಬ್ಬನ ಸೋಲು ಅನ್ನಿಸುತ್ತದೆ. ಕೆಲಸ ಹೋದ ಮೇಲೂ ಎರಡು ತಿಂಗಳು ಬೆಳಗ್ಗೆ ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಹೊರಟು, ಮೆಟ್ರೊದಲ್ಲಿ ಅತ್ತಿಂದಿತ್ತ ಓಡಾಡಿ ಸಂಜೆ ಮನೆಗೆ ಬರುತ್ತಿದ್ದವರೊಬ್ಬರು ನನ್ನ ಹತ್ತಿರ ಬಂದಿದ್ದರು. ನೀವು ಕೆಲಸ ಇರುವಾಗಲೇ ಅದಕ್ಕೆ ತಯಾರಿ ಮಾಡುತ್ತಿದ್ದೀರಿ ಅಂತ ನನಗೆ ಭಯ.

ಹಾಗಾಗಿ ಈ ಭಾನುವಾರ ಹೆಂಡತಿಗೆ ಹೇಳಿ. ಅಳುಮುಂಜಿ ಮಾತು ಬೇಡ, ಒಂದು ನೋಟ್‌ಬುಕ್ ತೆಗೆದುಕೊಂಡು ಕೂತುಕೊಳ್ಳಿ. ತಿಂಗಳಿಗೆ ನಿಜವಾಗಿ ಎಷ್ಟು ಬೇಕು: ಇಎಂಐ, ಫೀಸು, ರೇಷನ್, ಊರಲ್ಲಿ ಅಪ್ಪ ಅಮ್ಮನಿಗೆ ಕಳಿಸುವುದು. ಕೈಯಲ್ಲಿ ಎಷ್ಟಿದೆ. ಕೆಲಸ ಹೋದರೆ ಏನು ಬರುತ್ತದೆ. ಗ್ರಾಚ್ಯುಟಿಯನ್ನು, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಇಡಿಗಂಟನ್ನು, ತುಂಬಾ ಜನ ಮರೆತೇ ಬಿಡುತ್ತಾರೆ. ಸುಮಾರಾಗಿ ಲೆಕ್ಕ ಹಾಕಲು ಕೊನೆಯ ತಿಂಗಳ ಬೇಸಿಕ್ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ವರ್ಷಗಳಿಂದ ಗುಣಿಸಬೇಕು. ಬೇಸಿಕ್ 60 ಸಾವಿರ ಅಂತ ಇಟ್ಟುಕೊಂಡರೆ 14 ವರ್ಷಕ್ಕೆ ಸುಮಾರು 4 ಲಕ್ಷ 84 ಸಾವಿರ. ರಾಜೀನಾಮೆ ಕೊಟ್ಟರೂ, ಅವರೇ ತೆಗೆದರೂ ಇದು ನಿಮ್ಮ ಹಣ. ‘ಗೊತ್ತಿಲ್ಲ’ ಅನ್ನುವ ಭಯ ‘ಏಳು ತಿಂಗಳು ನಡೆಯುತ್ತೆ’ ಅಂತ ಆದ ದಿನ ನಿದ್ದೆ ಸ್ವಲ್ಪ ಹತ್ತಿರ ಬರುತ್ತದೆ.

ಇನ್ನೊಂದು ವಿಷಯ, ಆರೋಗ್ಯ ವಿಮೆ. ಕಂಪನಿಯ ಗ್ರೂಪ್ ಪಾಲಿಸಿ ಕೆಲಸದ ಜೊತೆಗೇ ಹೋಗುತ್ತದೆ. ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶ ಇದೆ. ಕೆಲಸದ ಕೊನೆಯ ದಿನಕ್ಕೆ ಮೊದಲೇ ಅರ್ಜಿ ಹಾಕುವುದು ಒಳ್ಳೆಯದು. ಮನೆಯಲ್ಲಿ ಯಾರಿಗಾದರೂ ಶುಗರ್, ಬಿಪಿ ಇದ್ದರೆ ಈಗಲೇ ವಿಚಾರಿಸಿಡಿ.

ಈಗ ಆ ಹದಿನೈದು ನಿಮಿಷದ ಮೀಟಿಂಗ್. ಬಂತು ಅಂತಲೇ ಇಟ್ಟುಕೊಳ್ಳೋಣ. ‘ನೀವೇ ರಿಸೈನ್ ಮಾಡಿ, ರೆಕಾರ್ಡ್ ಚೆನ್ನಾಗಿರುತ್ತೆ, ಇಲ್ಲಾಂದ್ರೆ ಟರ್ಮಿನೇಟ್ ಅಂತ ಬರುತ್ತೆ’ ಅನ್ನುತ್ತಾರೆ. ದನಿ ಮೆತ್ತಗಿರುತ್ತದೆ, ನೀರಿನ ಬಾಟಲಿ ಮುಂದಿಟ್ಟಿರುತ್ತಾರೆ. ಅಲ್ಲೇ ಸಹಿ ಹಾಕಬೇಡಿ. ‘ಓದಿ, ಮನೆಯಲ್ಲಿ ಮಾತಾಡಿ ಹೇಳುತ್ತೇನೆ, ಇದನ್ನೆಲ್ಲ ಮೇಲ್‌ನಲ್ಲಿ ಕಳಿಸಿ’ ಅನ್ನಿ. ಇಷ್ಟೇ ಸಾಕು, ಜಗಳ ಬೇಡ.

ಕಾರಣ ಇದೆ. ಸ್ವಂತ ಇಷ್ಟದಿಂದ ರಾಜೀನಾಮೆ ಕೊಟ್ಟರೆ ಕಾನೂನಿನ ಕಣ್ಣಲ್ಲಿ ಅದು ರಿಟ್ರೆಂಚ್‌ಮೆಂಟ್ (ಕಂಪನಿಯೇ ಕೆಲಸದಿಂದ ತೆಗೆಯುವುದು) ಅಲ್ಲ, ಅದರ ಪರಿಹಾರವೂ ಇಲ್ಲ. ಕಂಪನಿಯೇ ತೆಗೆದರೆ, ‘ವರ್ಕರ್’ ಅನ್ನುವ ವ್ಯಾಖ್ಯಾನಕ್ಕೆ ಬರುವವರಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಕೆಲಸ ಮಾಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೂ ಇದಿತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಮ್ಯಾನೇಜರ್ ಕೆಲಸದವರು ‘ವರ್ಕರ್’ ಲೆಕ್ಕಕ್ಕೆ ಬರುವುದಿಲ್ಲ, ಆದರೆ ‘ಲೀಡ್’ ಅಂದಮಾತ್ರಕ್ಕೆ ನೀವು ಮ್ಯಾನೇಜರ್ ಆಗುವುದಿಲ್ಲ. ದಿನವಿಡೀ ನಿಜವಾಗಿ ಏನು ಮಾಡುತ್ತೀರಿ ಅನ್ನುವುದೇ ಮುಖ್ಯ. ಬೇರೆಯವರ ಮೇಲ್ವಿಚಾರಣೆಯೇ ಹೆಚ್ಚಾಗಿದ್ದರೆ ಮಾತು ಬೇರೆ. ಇದನ್ನು ಕಾರ್ಮಿಕ ಕಾನೂನು ಗೊತ್ತಿರುವ ವಕೀಲರಿಗೆ ತೋರಿಸಿ. ಕಿಟು ಅನ್ನುವ ಐಟಿ ನೌಕರರ ಸಂಘವೂ ಇದೆ, ಕಾರ್ಮಿಕ ಇಲಾಖೆಯೂ ಇದೆ. ಆಫರ್ ಲೆಟರ್, ಅಪ್ರೈಸಲ್ ಪತ್ರ, ಸ್ಯಾಲರಿ ಸ್ಲಿಪ್ ನಿಮ್ಮ ಸ್ವಂತ ಕಾಗದಗಳು, ಮನೆಯಲ್ಲಿ ಒಂದೊಂದು ಪ್ರತಿ ಇರಲಿ. ಕ್ಲೈಂಟ್‌ನ ಕೋಡ್, ಡಾಕ್ಯುಮೆಂಟ್ ಮಾತ್ರ ಮುಟ್ಟಬೇಡಿ, ಅದು ಅವರ ಕೈಗೆ ನಾವೇ ಕೊಡುವ ಕೋಲು.

ಮುಂದಿನ ಲಿಸ್ಟ್‌ನಲ್ಲಿ ಯಾರಿದ್ದಾರೆ ಅಂತ ಊಹಿಸುವ ಆಫೀಸಿನ ಚಾಟ್ ಗ್ರೂಪ್ ಇದ್ದರೆ ಅದನ್ನು ಮ್ಯೂಟ್ ಮಾಡಿ. ಶುಕ್ರವಾರ ಸಂಜೆ ಈ ವಾರ ಮಾಡಿದ ಕೆಲಸದಲ್ಲಿ ರೆಸ್ಯೂಮೆಗೆ ಹೋಗುವ ಒಂದು ಸಾಲು ಬರೆದಿಡಿ. ಸಾಲು ಸಿಗದಿದ್ದರೆ ಮುಂದಿನ ವಾರ ಯಾವ ಕೆಲಸ ಕೇಳಿ ತೆಗೆದುಕೊಳ್ಳಬೇಕು ಅಂತ ಗೊತ್ತಾಗುತ್ತದೆ. ನಿದ್ದೆ ಇನ್ನೂ ಎರಡು ವಾರ ಹೀಗೇ ಇದ್ದರೆ, ಅಥವಾ ಬದುಕೇ ಬೇಡ ಅನ್ನುವ ಯೋಚನೆ ಒಂದೇ ಒಂದು ಸಲ ಬಂದರೂ, 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಮಗ ಅಮೆರಿಕದಲ್ಲಿ ಎಚ್‌-1ಬಿ ವೀಸಾದಲ್ಲಿದ್ದಾನೆ. ಕೆಲಸ ಹೋಗಿದೆ. ತಕ್ಷಣ ವಾಪಸ್ ಬರಬೇಕಾ?
– ಶಿವಮೊಗ್ಗದ ತಾಯಿ

ಉತ್ತರ: ನಾಳೆಯೇ ವಿಮಾನ ಹತ್ತಬೇಕಿಲ್ಲ. ಕೆಲಸದ ಕೊನೆಯ ದಿನದಿಂದ 60 ದಿನದವರೆಗೆ ಕಾಲಾವಕಾಶ ಇರುತ್ತದೆ. ಅವನ ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಅನ್ನುವ ಸರ್ಕಾರಿ ದಾಖಲೆ) ಅವಧಿ ಅದಕ್ಕೂ ಮೊದಲೇ ಮುಗಿದರೆ ಅಲ್ಲಿಯವರೆಗೆ ಮಾತ್ರ. ಅಷ್ಟರೊಳಗೆ ಬೇರೆ ಕಂಪನಿ ಅವನ ಪರವಾಗಿ ಅರ್ಜಿ ಹಾಕಬಹುದು, ಇಲ್ಲವೇ ಅವನೇ ಬೇರೆ ವೀಸಾ ದರ್ಜೆಗೆ ಅರ್ಜಿ ಹಾಕಬಹುದು. ವಲಸೆ ವಕೀಲರನ್ನು ಮೊದಲ ವಾರದಲ್ಲೇ ನೋಡಲಿ. ನೀವು ದಿನಕ್ಕೆ ಮೂರು ಸಲ ‘ಏನಾಯ್ತು’ ಅಂತ ಕೇಳಬೇಡಿ. ಊಟ ಆಯ್ತಾ ಅಂತ ಕೇಳಿ.

ಪ್ರಶ್ನೆ: ನಾನು ಮ್ಯಾನೇಜರ್. ಟೀಮಿನ 11 ಜನರಲ್ಲಿ ಮೂವರನ್ನು ತೆಗೆದರು. ಉಳಿದವರು ಮಾತೇ ಆಡುತ್ತಿಲ್ಲ. ಹುರುಪು ತುಂಬಲು ಟೀಮ್ ಔಟಿಂಗ್ ಮಾಡಲೇ?
– ಮೈಸೂರು

ಉತ್ತರ: ದಯವಿಟ್ಟು ಬೇಡ. ಸೂತಕದ ಮನೆಯಲ್ಲಿ ಅಂತ್ಯಾಕ್ಷರಿ ಆಡಿಸಿದ ಹಾಗಾಗುತ್ತದೆ. ‘ಇನ್ನು ಯಾರನ್ನೂ ತೆಗೆಯಲ್ಲ’ ಅಂತಲೂ ಹೇಳಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. ಹೋದ ಮೂವರ ಹೆಸರು ಎತ್ತಿ ಮಾತಾಡಿ, ಅವರಿಗೆ ರೆಫರೆನ್ಸ್ ಕೊಟ್ಟಿದ್ದರೆ ಅದನ್ನೂ ಹೇಳಿ. ಉಳಿದವರು ನೋಡುತ್ತಿರುವುದು ಅದನ್ನೇ, ನಾಳೆ ತಮ್ಮ ಸರದಿ ಬಂದರೆ ಈತ ಹೇಗೆ ನಡೆದುಕೊಳ್ಳುತ್ತಾನೆ ಅಂತ. ಆಮೇಲೆ ಬೋರ್ಡ್ ಮೇಲೆ 11 ಜನರ ಕೆಲಸ ಪೂರ್ತಿ ಬರೆಯಿರಿ. ಎಂಟು ಜನರ ಕೈಲಾಗದ್ದನ್ನು ಅವರ ಎದುರಿಗೇ ಅಳಿಸಿ. ಅಳಿಸಿದ್ದನ್ನು ಮೇಲಿನವರಿಗೆ ಮೇಲ್ ಮಾಡುವುದು ನಿಮ್ಮ ಕೆಲಸ, ಆ ಮೇಲ್‌ನಲ್ಲಿ ಎಂಟೂ ಜನರಿಗೆ ಕಾಪಿ ಹಾಕಿ.