ಅರಮನೆಗೆ ಫ್ಲ್ಯಾಶ್ ಹೊಡೆಯಬೇಡಿ

ದಸರಾ ಮುಗಿಯುತ್ತಿದ್ದಂತೆ ಕ್ಯಾಮೆರಾ ಬಗ್ಗೆ ಓದುಗರಿಂದ ಬರುವ ಪ್ರಶ್ನೆಗಳೆಲ್ಲ ಒಂದೇ ರಾಗ: ರಾತ್ರಿ ಅರಮನೆಯ ಫೋಟೊ ಸರಿ ಬಂದಿಲ್ಲ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಪರವಾಗಿಲ್ಲ.

ಒಬ್ಬರ ಪ್ರಶ್ನೆ: ಮೈಸೂರು ಅರಮನೆಯ ದೀಪಾಲಂಕಾರದ ಮುಂದೆ ಮನೆಯವರನ್ನು ನಿಲ್ಲಿಸಿ ಫೋಟೊ ತೆಗೆದೆ. ಫ್ಲ್ಯಾಶ್ ಹಾಕಿದರೆ ಮುಖ ಬೆಳ್ಳಗೆ, ಅರಮನೆ ಮಂಕು. ಹಾಕದಿದ್ದರೆ ಅರಮನೆ ಅಲುಗಿದೆ, ಮುಖ ಕಪ್ಪು. ನನ್ನದು ಹಳೆಯ ಡಿಜಿಟಲ್ ಕಾಂಪ್ಯಾಕ್ಟ್. ಅಪ್ಪನ ರೀಲ್ ಕ್ಯಾಮೆರಾ ಕೂಡ ಇದೆ. ಹೊಸದು ಕೊಳ್ಳಲೇ?

ಬೇಡ. ಕ್ಯಾಮೆರಾ ಸರಿ ಇದೆ. ಅಂಗಡಿಯವರು ಕೊಳ್ಳಿ ಅಂತಲೇ ಹೇಳುತ್ತಾರೆ, ಅವರ ಹೊಟ್ಟೆಪಾಡು ಅದು.

ಜೇಬಿನಲ್ಲಿ ಹಿಡಿಯುವ ಕ್ಯಾಮೆರಾದ ಫ್ಲ್ಯಾಶ್ ಬೆಳಕು ಐಎಸ್‌ಒ 100ರಲ್ಲಿ (ಐಎಸ್‌ಒ ಅಂದರೆ ಸೆನ್ಸರ್ ಅಥವಾ ರೀಲ್ ಬೆಳಕಿಗೆ ಎಷ್ಟು ಚುರುಕು ಎಂಬ ಅಳತೆ) ಸುಮಾರು ಮೂರೂವರೆ ಮೀಟರ್ ಮುಟ್ಟಿದರೆ ಅದೇ ದೊಡ್ಡದು. ದೂರ ಎರಡು ಪಟ್ಟಾದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಎರಡು ಮೀಟರ್‌ನಲ್ಲಿ ನಿಂತ ನಿಮ್ಮ ಅತ್ತೆಯವರಿಗೆ ಸಿಕ್ಕ ಬೆಳಕಿನಲ್ಲಿ ಹದಿನಾರನೇ ಒಂದು ಪಾಲು ಮಾತ್ರ ಎಂಟು ಮೀಟರ್‌ನಲ್ಲಿರುವವರಿಗೆ ಸಿಗುತ್ತದೆ. ಅರಮನೆ ಇರುವುದು ಇಡೀ ಅಂಗಳದ ಆಚೆ. ಸುಮಾರು 1 ಲಕ್ಷ ಬಲ್ಬ್ ಹೊತ್ತಿಕೊಂಡಿರುವ ಕಟ್ಟಡಕ್ಕೆ ನಿಮ್ಮ ಚಿಟಿಕೆಯಷ್ಟು ಫ್ಲ್ಯಾಶ್ ಯಾಕೆ ಬೇಕು ಹೇಳಿ? ಆದರೂ ಪ್ರತಿ ವರ್ಷ ಆ ಅಂಗಳದಲ್ಲಿ ಸಾವಿರಾರು ಫ್ಲ್ಯಾಶ್ ಮಿಂಚುತ್ತವೆ.

ಜೂಮ್ ಮಾಡಿದರೆ ಇನ್ನೂ ಕಷ್ಟ. ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಒಳಬರುವ ಬೆಳಕು ಕಡಿಮೆ. ಜೂಮ್ ಮಾಡದೆ ಇದ್ದಾಗ ಎಫ್ 2.8 ಇರುವ ಲೆನ್ಸ್ ಪೂರ್ತಿ ಜೂಮ್‌ನಲ್ಲಿ ಎಫ್ 5.6ರ ಆಸುಪಾಸಿಗೆ ಹೋಗುತ್ತದೆ. ಮೂರೂವರೆ ಮೀಟರ್ ಮುಟ್ಟುತ್ತಿದ್ದ ಫ್ಲ್ಯಾಶ್ ಎರಡು ಮೀಟರ್ ಕೂಡ ಮುಟ್ಟುವುದಿಲ್ಲ. ಮದುವೆ ಮನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಜೂಮ್ ಎಳೆದು ತೆಗೆದ ಫೋಟೊದಲ್ಲಿ ಮುಂದಿನವರ ತಲೆಗಳು ಬೆಳಗಿ, ವಧೂವರರು ಕತ್ತಲಲ್ಲಿರುವುದು ಇದರಿಂದಲೇ. ಎದ್ದು ಹತ್ತಿರ ಹೋಗಿ.

ಮನೆಯವರೂ ಅರಮನೆಯೂ ಒಟ್ಟಿಗೆ ಬೇಕಾದರೆ ಫ್ಲ್ಯಾಶ್ ಬೇಕು, ಜೊತೆಗೆ ಷಟರ್, ಅಂದರೆ ಬೆಳಕು ಒಳಬಿಡುವ ಪರದೆ, ಜಾಸ್ತಿ ಹೊತ್ತು ತೆರೆದಿರಬೇಕು. ಮೋಡ್‌ಗಳಲ್ಲಿ ಮನುಷ್ಯನ ಪಕ್ಕ ಚಂದ್ರನೋ ನಕ್ಷತ್ರವೋ ಇರುವ ಚಿತ್ರ ಇದೆ ಅಲ್ವಾ, ಅದನ್ನು ಆರಿಸಿ. ಫ್ಲ್ಯಾಶ್ ಕ್ಷಣಮಾತ್ರ ಮಿಂಚಿ ಮುಖ ಹಿಡಿಯುತ್ತದೆ. ಆಮೇಲೂ ಷಟರ್ ತೆರೆದೇ ಇದ್ದು ಅರಮನೆಯ ಬೆಳಕನ್ನು ತುಂಬಿಕೊಳ್ಳುತ್ತದೆ. ಮನೆಯವರನ್ನು ನಿಮ್ಮಿಂದ ಎರಡು ಮೀಟರ್ ಒಳಗೆ ನಿಲ್ಲಿಸಿ, ಅರಮನೆ ಬಾಗಿಲಿಗೆ ಕಳಿಸಬೇಡಿ. ಕ್ಯಾಮೆರಾ ಕೈಯಲ್ಲಿ ಬೇಡ. ಕಟ್ಟೆಯ ಮೇಲೋ ಚೀಲದ ಮೇಲೋ ಇಟ್ಟು ಎರಡು ಸೆಕೆಂಡಿನ ಟೈಮರ್ ಹಾಕಿ. ಫ್ಲ್ಯಾಶ್ ಮಿಂಚಿದ ಕೂಡಲೇ "ಆಯ್ತಾ?" ಅಂತ ಹೊರಡುವವರಿಗೆ ಮೊದಲೇ ಹೇಳಿ, ಇನ್ನೂ ಆಗಿಲ್ಲ ಅಂತ.

ಅರಮನೆ ಒಂದೇ ಸಾಕು ಎಂದರೆ ಫ್ಲ್ಯಾಶ್ ಪೂರ್ತಿ ಬಂದ್. ಕಪ್ಪು ಆಕಾಶ ನೋಡಿ ಕ್ಯಾಮೆರಾ ಬೆಳಕು ಸಾಲದು ಅಂದುಕೊಳ್ಳುತ್ತದೆ, ಬಲ್ಬುಗಳೆಲ್ಲ ಬೆಂಕಿ ಉಂಡೆಗಳಾಗುತ್ತವೆ. ಫೋಟೊದ ಬೆಳಕು ತಗ್ಗಿಸಲು ಎಕ್ಸ್‌ಪೋಶರ್ ಮೈನಸ್ 1 ಇಡಿ, ಗೋಪುರದ ಅಂಚು ಒಂದೊಂದೂ ಕಾಣುತ್ತದೆ.

ಇನ್ನು ಅಪ್ಪನ ರೀಲ್ ಕ್ಯಾಮೆರಾ. ಅದು ಒಂದೇ ಷಟರ್ ವೇಗದ ಅಗ್ಗದ ಫಿಕ್ಸೆಡ್ ಫೋಕಸ್ ಮಾದರಿಯಾದರೆ ರಾತ್ರಿ ಅರಮನೆ ಅದರಲ್ಲಿ ಬರುವುದೇ ಇಲ್ಲ, ಸುಮ್ನೆ ರೀಲ್ ಹಾಳು. ಹಗಲಿಗೆ ಇಟ್ಟುಕೊಳ್ಳಿ. ಆಟೊಫೋಕಸ್ ಇರುವುದಾದರೆ ಐಎಸ್‌ಒ 400ರ ರೀಲ್ ಹಾಕಿ, 100ರದ್ದಕ್ಕಿಂತ ಫ್ಲ್ಯಾಶ್ ಎರಡು ಪಟ್ಟು ದೂರ ಮುಟ್ಟುತ್ತದೆ. ರೀಲಿನ ಐಎಸ್‌ಒ ಎಷ್ಟೆಂದು ಕ್ಯಾಮೆರಾಗೆ ತಿಳಿಸುವ, ಡಬ್ಬಿಯ ಮೇಲಿನ ಡಿಎಕ್ಸ್ ಚೌಕಗಳು ಇರಲಿ. ಅವಿಲ್ಲದ, ಮತ್ತೆ ತುಂಬಿದ ರೀಲನ್ನು ಇಂಥ ಎಷ್ಟೋ ಕ್ಯಾಮೆರಾಗಳು 100 ಎಂದೇ ತಿಳಿಯುತ್ತವೆ. ಒಲಿಂಪಸ್ ಮ್ಯೂ 2ರಂಥ ರೀಲ್ ಕ್ಯಾಮೆರಾಗಳು ಮುಚ್ಚಳ ಮುಚ್ಚಿ ತೆರೆದಾಗಲೆಲ್ಲ ಫ್ಲ್ಯಾಶನ್ನು ತಾವಾಗಿಯೇ ಆಟೊಗೆ ತರುತ್ತವೆ. ಪ್ರತಿ ಸಲ ನೋಡಿಕೊಳ್ಳಿ.

ಪೂಜೆಯ ಫೋಟೊದಲ್ಲಿ ಬಿಳಿ ಉರುಟು ಚುಕ್ಕೆಗಳು ಬಂದಿವೆ. ಒಬ್ಬರು ಇದು ಹಿರಿಯರ ಆತ್ಮ, ಶಾಂತಿ ಮಾಡಿಸಿ ಎಂದಿದ್ದಾರೆ.

ಧೂಳು. ಕಾಂಪ್ಯಾಕ್ಟ್‌ನಲ್ಲಿ ಫ್ಲ್ಯಾಶ್ ಲೆನ್ಸಿಗೆ ಅಂಟಿಕೊಂಡಂತೆ ಇರುತ್ತದೆ. ಲೆನ್ಸಿನ ಮುಂದೆಯೇ ತೇಲುವ ಕಣಕ್ಕೆ ಅದರ ಬೆಳಕು ಬಡಿದು ವಾಪಸ್ ಬರುತ್ತದೆ. ಕಣ ಫೋಕಸ್‌ನಲ್ಲಿ ಇಲ್ಲದ್ದರಿಂದ ಉರುಟಾಗಿ ಹಿಗ್ಗುತ್ತದೆ. ಇವತ್ತು ರಾತ್ರಿ ಒಂದು ಚಾಪೆ ಕೊಡವಿ, ಫ್ಲ್ಯಾಶ್ ಹಾಕಿ ತೆಗೆಯಿರಿ. ನಿಮ್ಮ ಏಳು ತಲೆಮಾರೂ ಬರುತ್ತದೆ. ಫ್ಲ್ಯಾಶ್ ಬಂದ್ ಮಾಡಿ ಇನ್ನೊಂದು ತೆಗೆದರೆ ಎಲ್ಲರೂ ಮಾಯ. ಶಾಂತಿ ಮಾಡಿಸಿ ಎಂದವರಿಗೆ ಈ ಎರಡು ಫೋಟೊ ತೋರಿಸಿ.

ಹಳೆಯ ಕ್ಯಾಮೆರಾಗೆ 64 ಜಿಬಿ ಕಾರ್ಡ್ ಹಾಕಿದೆ, ಎರರ್ ಬರುತ್ತಿದೆ.

ಬರಲೇಬೇಕು. ಅಷ್ಟು ದೊಡ್ಡ ಕಾರ್ಡ್ ಓದಲು ಅದಕ್ಕೆ ಬರುವುದಿಲ್ಲ. 2006ಕ್ಕಿಂತ ಹಳೆಯದಾದರೆ 2 ಜಿಬಿಯ ಮಾಮೂಲಿ ಎಸ್‌ಡಿ ಕಾರ್ಡ್ ಹುಡುಕಿ.

ಸಿಸಿಡಿ ಎಂಬ ಬಗೆಯ ಸೆನ್ಸರ್ ಇರುವ ಹಳೆಯ ಡಿಜಿಟಲ್ ಕ್ಯಾಮೆರಾದಲ್ಲಿ ರೀಲ್‌ನಂಥ ಬಣ್ಣ ಬರುತ್ತದಂತೆ, ನಿಜವೇ?

ಅದು ಮಾರುವವರ ಮಂತ್ರ. ಬಣ್ಣ ಬಹುಮಟ್ಟಿಗೆ ಸೆನ್ಸರ್ ಮೇಲಿನ ಫಿಲ್ಟರ್‌ನಿಂದ, ಕಂಪನಿ ಒಳಗೆ ಮಾಡುವ ಸಂಸ್ಕರಣೆಯಿಂದ ಬರುತ್ತದೆ. ಚೆನ್ನಾಗಿ ಕಂಡರೆ ಕೊಳ್ಳಿ, ಮೂರು ಅಕ್ಷರಕ್ಕೆ ದುಡ್ಡು ಕೊಡಬೇಡಿ.

ಮಳೆಗಾಲದಲ್ಲಿ ಲೆನ್ಸ್ ಒಳಗೆ ಬೂಷ್ಟು ಬಂದಿದೆ. ಅಕ್ಕಿ ಡಬ್ಬಿಯಲ್ಲಿ ಇಟ್ಟರೆ ಹೋಗುತ್ತಾ?

ಇಲ್ಲ. ಅಕ್ಕಿ ಅನ್ನಕ್ಕೆ. ಚರ್ಮದ ಚೀಲ ಬಿಟ್ಟು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟರೆ ಹೆಚ್ಚುವುದು ನಿಲ್ಲುತ್ತದೆ. ಬಂದದ್ದನ್ನು ರಿಪೇರಿಯವರೇ ಬಿಚ್ಚಿ ಒರೆಸಬೇಕು.

ಫ್ಲ್ಯಾಶ್ ಚಾರ್ಜ್ ಆಗುತ್ತಿಲ್ಲ. ವಿಡಿಯೊ ನೋಡಿಕೊಂಡು ನಾನೇ ಬಿಚ್ಚಬಹುದೇ?

ಬಿಚ್ಚಲೇಬೇಡಿ. ಫ್ಲ್ಯಾಶ್‌ಗೆ ವಿದ್ಯುತ್ ಕೂಡಿಡುವ ಒಳಗಿನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದು ಎಷ್ಟೋ ಹೊತ್ತು ಉಳಿಯುತ್ತದೆ. ಬ್ಯಾಟರಿ ಹೊಸದು ಹಾಕಿ ನೋಡಿ, ಅದರ ತುದಿಗಳನ್ನು ಒಣ ಬಟ್ಟೆಯಲ್ಲಿ ಒರೆಸಿ. ಅಷ್ಟಕ್ಕೂ ಸರಿಯಾಗದಿದ್ದರೆ ರಿಪೇರಿಗೆ ಕೊಡಿ. ಒಂದೇ ಒಂದು ಸ್ಕ್ರೂ ಅಷ್ಟೇ ಅಂತ ಮತ್ತೆ ನನಗೆ ಬರೆಯಬೇಡಿ.