ಆಟ ನಡುವೆ ತೊದಲುತ್ತಿದೆ: ಬೋರ್ಡ್ ಬದಲಿಸಬೇಕಾ, ಫ್ಯಾನ್ ಹಾಕಬೇಕಾ?

ಪ್ರಶ್ನೆ: ಹಳೆಯ ಕೀಬೋರ್ಡ್ ಕಂಪ್ಯೂಟರೊಂದರ ಖಾಲಿ ಪ್ಲಾಸ್ಟಿಕ್ ಕವಚದೊಳಗೆ ರಾಸ್ಪ್‌ಬೆರಿ ಪೈ 3ಬಿ ಪ್ಲಸ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಕೂರಿಸಿದ್ದೇನೆ. ಹಳೆಯ ಕಂಪ್ಯೂಟರುಗಳನ್ನು ಅನುಕರಿಸುವ ತಂತ್ರಾಂಶಗಳಾದ ಎಮ್ಯುಲೇಟರುಗಳಲ್ಲಿ, ವೈಸ್‌ನಲ್ಲಿ ಕಮೊಡೋರ್ 64, ಅಮಿಬೆರಿಯಲ್ಲಿ ಅಮಿಗಾ 500 ಓಡಿಸುತ್ತೇನೆ. ಶುರುವಿನಲ್ಲಿ ಎಲ್ಲ ಚೆನ್ನಾಗಿರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಸಂಗೀತ ಕರಕರ ಅನ್ನುತ್ತದೆ, ಆಟ ನಿಧಾನವಾಗುತ್ತದೆ. ಆಗಾಗ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಾಣುತ್ತದೆ. ಹೊಸ ಪೈ 5 ಬೋರ್ಡ್ ತಗೊಳ್ಳಲೇ, ಇಲ್ಲ ಫ್ಯಾನ್ ಹಾಕಿದರೆ ಸಾಕೇ?

ಉತ್ತರ: ದುಡ್ಡು ಖರ್ಚು ಮಾಡುವ ಮೊದಲು ಆ ಮಿಂಚಿನ ಗುರುತನ್ನು ಗಮನಿಸಿ. ಅದು ಬಿಸಿಯ ಸೂಚನೆ ಅಲ್ಲ, ಕರೆಂಟು ಸಾಲುತ್ತಿಲ್ಲ ಎಂಬ ಸೂಚನೆ. ಬೋರ್ಡಿಗೆ ಸಿಗಬೇಕಾದ 5 ವೋಲ್ಟ್ ಸುಮಾರು 4.63ಕ್ಕಿಂತ ಕೆಳಗೆ ಇಳಿದಾಗ ಅದು ಬರುತ್ತದೆ. ಆಗಲೂ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಬಿಸಿಯಿಂದ ನಿಧಾನವಾದ ಹಾಗೆಯೇ ಕಾಣುತ್ತದೆ. ಈ ಸ್ಥಿತಿಯಲ್ಲಿ ಫ್ಯಾನ್ ಹಾಕಿದರೆ ಅದೂ ಅದೇ ಕರೆಂಟನ್ನು ಹಂಚಿಕೊಂಡು ತೊಂದರೆ ಜಾಸ್ತಿ ಮಾಡಬಹುದು. ನಿಮ್ಮ ಬೋರ್ಡಿಗೆ 5 ವೋಲ್ಟ್, 2.5 ಆಂಪಿಯರ್ ಅಡಾಪ್ಟರ್ ಬೇಕು. ಫೋನ್ ಚಾರ್ಜರ್, ಅದರಲ್ಲೂ ಉದ್ದನೆಯ ತೆಳ್ಳಗಿನ ಕೇಬಲ್ ಇದ್ದರೆ ಮೊದಲು ಅದನ್ನು ಬದಲಿಸಿ.

ಆಮೇಲೆ ಬಿಸಿ ಅಳೆಯಿರಿ. ಆಟ ತೊದಲುವ ಹೊತ್ತಿಗೆ ಟರ್ಮಿನಲ್ ತೆರೆದು 'ವಿಸಿಜೆನ್‌ಸಿಎಂಡಿ' (vcgencmd) ಆಜ್ಞೆಯನ್ನು ಎರಡು ಸಲ ಕೊಡಿ. ಒಮ್ಮೆ 'ಮೆಷರ್ ಟೆಂಪ್' (measure_temp) ಜೊತೆ, ಇನ್ನೊಮ್ಮೆ 'ಗೆಟ್ ಥ್ರಾಟಲ್ಡ್' (get_throttled) ಜೊತೆ. ಈ ಜೋಡಿ ಪದಗಳ ನಡುವೆ ಅಂಡರ್‌ಸ್ಕೋರ್ ಇರಬೇಕು. ಮೊದಲನೆಯದು ಚಿಪ್ಪಿನ ಬಿಸಿ ಹೇಳುತ್ತದೆ. ಎರಡನೆಯದು ಒಂದು ಸಂಕೇತ ಕೊಡುತ್ತದೆ. ಎಕ್ಸ್ ಅಕ್ಷರದ ನಂತರ ಬರೀ 0 ಇದ್ದರೆ ಯಾವ ತೊಂದರೆಯೂ ಇಲ್ಲ. 50005 ಎಂದಿದ್ದರೆ ವೋಲ್ಟೇಜ್ ಈಗಲೂ ಕಡಿಮೆ ಇದೆ, ವೇಗವೂ ಇಳಿದಿದೆ. 50000 ಎಂದಿದ್ದರೆ ಈಗ ಸರಿಯಿದೆ, ಆದರೆ ಆನ್ ಮಾಡಿದ ಮೇಲೆ ಯಾವಾಗಲೋ ಹಾಗಾಗಿತ್ತು. 80008 ಎಂದಿದ್ದರೆ ಕಾರಣ ಬಿಸಿ.

ನಿಮ್ಮ ಬೋರ್ಡಿಗೆ ಈ ಕೊನೆಯದು ಮುಖ್ಯ. ಪೈ ಬೋರ್ಡುಗಳು ಸಾಮಾನ್ಯವಾಗಿ 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ವೇಗ ಇಳಿಸಲು ಶುರು ಮಾಡುತ್ತವೆ. 3ಬಿ ಪ್ಲಸ್ ಮಾತ್ರ 60 ಡಿಗ್ರಿಗೇ 1.4 ಗಿಗಾಹರ್ಟ್ಸ್‌ನಿಂದ 1.2ಕ್ಕೆ ಇಳಿಯುತ್ತದೆ. ಮುಚ್ಚಿದ ಪ್ಲಾಸ್ಟಿಕ್ ಕವಚದೊಳಗೆ 60 ಡಿಗ್ರಿ ಮುಟ್ಟುವುದು ತುಂಬ ಸುಲಭ.

ಅಷ್ಟು ಸಣ್ಣ ಇಳಿತಕ್ಕೇ ಆಟ ತೊದಲಬೇಕಾ ಎಂದು ಅನ್ನಿಸಬಹುದು. 1982ರ ಕಮೊಡೋರ್ 64ರ ಪ್ರೊಸೆಸರ್ ಓಡುವುದು ಸುಮಾರು 1 ಮೆಗಾಹರ್ಟ್ಸ್‌ನಲ್ಲಿ, ಅಲ್ವಾ? ಆದರೆ ವೈಸ್ ಬರೀ ಪ್ರೊಸೆಸರನ್ನು ಅನುಕರಿಸುವುದಿಲ್ಲ. ಚಿತ್ರದ ಚಿಪ್ಪು, ಸಂಗೀತದ ಸಿಡ್ ಚಿಪ್ಪು, ಟೈಮರ್‌ಗಳು ಎಲ್ಲವನ್ನೂ ಒಂದೊಂದು ಗಡಿಯಾರ ಬಡಿತಕ್ಕೂ ಹೊಂದಿಸುತ್ತಾ ಹೋಗುತ್ತದೆ. ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಸಲ! 64ಕ್ಕೆ ಜೋಡಿಸುತ್ತಿದ್ದ 1541 ಡಿಸ್ಕ್ ಡ್ರೈವಿನೊಳಗೂ ಒಂದು 6502 ಪ್ರೊಸೆಸರ್ ಇತ್ತು. ಅದನ್ನೂ ಪೂರ್ತಿ ಅನುಕರಿಸಿದರೆ ಎರಡು ಕಂಪ್ಯೂಟರ್ ಒಟ್ಟಿಗೆ ಓಡಿಸಿದ ಹಾಗೆ. ಒಂದು ಬಡಿತದ ಲೆಕ್ಕ ಮುಗಿಯದೆ ಮುಂದಿನದು ಶುರುವಾಗುವಂತಿಲ್ಲ. ಹಾಗಾಗಿ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ನಾಲ್ಕು ಕೋರ್ ಇದ್ದರೂ ಹೆಚ್ಚಿನ ಭಾರ ಒಂದರ ಮೇಲೇ ಬೀಳುತ್ತದೆ. ಆ ಒಂದು ಕೋರಿನ ವೇಗ ಸ್ವಲ್ಪ ಕುಗ್ಗಿದರೂ ಮೊದಲು ಕೆಡುವುದು ಸದ್ದು. ಚಿತ್ರದಲ್ಲಿ ಒಂದು ಫ್ರೇಮ್ ತಪ್ಪಿದರೆ ಕಣ್ಣು ಬಿಟ್ಟುಬಿಡುತ್ತದೆ, ಕಿವಿ ಬಿಡುವುದಿಲ್ಲ.

ಇದನ್ನು ಸುಮ್ನೆ ನಂಬಬೇಕಿಲ್ಲ, ಪರೀಕ್ಷೆ ಮಾಡಿ ನೋಡಬಹುದು. ವೈಸ್‌ನ ಸದ್ದಿನ ಸೆಟ್ಟಿಂಗಿನಲ್ಲಿ ಸಿಡ್ ಚಿಪ್ಪನ್ನು ನಿಖರವಾಗಿ ಅನುಕರಿಸುವ ರೀಸಿಡ್ ಬದಲು, ಹಗುರವಾದ ಫಾಸ್ಟ್‌ಸಿಡ್ ಆರಿಸಿ. ಕರಕರ ನಿಂತರೆ ಪ್ರೊಸೆಸರಿಗೆ ಉಸಿರು ಸಾಲುತ್ತಿಲ್ಲ ಎಂದೇ ಅರ್ಥ. ಆದರೆ ಫಾಸ್ಟ್‌ಸಿಡ್ ಅನ್ನೇ ಖಾಯಂ ಮಾಡಿಕೊಳ್ಳಬೇಡಿ. ಸಿಡ್ ಫಿಲ್ಟರಿನ ನಿಜವಾದ ಬಣ್ಣ ರೀಸಿಡ್‌ನಲ್ಲೇ ಕೇಳಬೇಕು.

ಈಗ ತಂಪಿನ ಕೆಲಸ. ಚಿಪ್ಪಿನ ಮೇಲೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಅಂಟಿಸಿ. ನಡುವಿನ ಥರ್ಮಲ್ ಟೇಪ್ ತೆಳ್ಳಗಿದ್ದಷ್ಟೂ ಒಳ್ಳೆಯದು. ಆದರೆ ಹೀಟ್‌ಸಿಂಕ್ ಬಿಸಿಯನ್ನು ನುಂಗುವುದಿಲ್ಲ, ಗಾಳಿಗೆ ದಾಟಿಸುತ್ತದೆ ಅಷ್ಟೆ. ಆ ಗಾಳಿ ಕವಚದೊಳಗೇ ಸುತ್ತುತ್ತಿದ್ದರೆ ಪ್ರಯೋಜನ ಕಡಿಮೆ. ಕೆಳಗಡೆ ಒಳಬರುವ ತೂತು, ಹಿಂದೆ ಮೇಲ್ಭಾಗದಲ್ಲಿ ಹೊರಹೋಗುವ ತೂತು ಇರಲಿ. ಎಷ್ಟೋ ಹಳೆಯ ಕವಚಗಳಲ್ಲಿ ಗಾಳಿಯ ಸೀಳುಗಳು ಮೊದಲೇ ಇರುತ್ತವೆ. ನಾವೇ ತಂತಿ ತುರುಕಿ ಅವನ್ನು ಮುಚ್ಚಿರುತ್ತೇವೆ. ಫ್ಯಾನ್ ಬೇಕೇ ಬೇಕಾದರೆ 30 ಮಿಲಿಮೀಟರ್‌ಗಿಂತ 40 ಮಿಲಿಮೀಟರಿನದು ಒಳ್ಳೆಯದು. ದೊಡ್ಡದು ನಿಧಾನ ತಿರುಗಿಯೂ ಅಷ್ಟೇ ಗಾಳಿ ಕೊಡುತ್ತದೆ, ಸದ್ದು ಕಡಿಮೆ. ಅದನ್ನು 5 ವೋಲ್ಟಿನ 4ನೇ ಪಿನ್ ಮತ್ತು ಗ್ರೌಂಡಿನ 6ನೇ ಪಿನ್‌ಗೆ ಜೋಡಿಸಿ. ಬಿಸಿಯಾದಾಗ ಮಾತ್ರ ತಿರುಗಲಿ ಎಂದು ಫ್ಯಾನನ್ನು ನೇರವಾಗಿ ಜಿಪಿಐಒ ಪಿನ್‌ಗೆ (ತಂತ್ರಾಂಶ ನಿಯಂತ್ರಿಸುವ ಸಂಕೇತದ ಪಿನ್) ಕೊಡಬೇಡಿ, ಪಿನ್ ಸುಟ್ಟುಹೋಗಬಹುದು. ನಡುವೆ ಟ್ರಾನ್ಸಿಸ್ಟರ್ ಇರುವ ಫ್ಯಾನ್ ತಗೊಳ್ಳಿ.

ಇಷ್ಟು ಮಾಡಿದರೆ ನಿಮ್ಮ 64 ಸರಿಹೋಗುತ್ತದೆ ಎಂದು ನನ್ನ ಅಂದಾಜು. ಇನ್ನೂ ಒಂದು ದಾರಿ ಇದೆ. ಬಿಎಂಸಿ64 ಎಂಬ ಎಮ್ಯುಲೇಟರ್ ಲಿನಕ್ಸ್ ಇಲ್ಲದೆ ನೇರವಾಗಿ ಬೋರ್ಡಿನ ಮೇಲೆ ಓಡುತ್ತದೆ. ಪೈ 3ರಲ್ಲಿ ಅದು ಸೊಗಸಾಗಿ ನಡೆಯುತ್ತದೆ, ಕೀ ಒತ್ತಿದ ತಕ್ಷಣ ಪರದೆ ಸ್ಪಂದಿಸುತ್ತದೆ.

ಅಮಿಗಾ 500 ದಾಟಿ ಮುಂದಿನ ಅಮಿಗಾಗಳಿಗೂ ಹೋಗುವ ಆಸೆ ಇದ್ದರೆ ಬೋರ್ಡ್ ಬದಲಿಸಿ. 2019ರ ಪೈ 4ರಲ್ಲಿ 1.5 ಗಿಗಾಹರ್ಟ್ಸ್, 2023ರ ಪೈ 5ರಲ್ಲಿ 2.4. ಕೋರುಗಳೂ ಹೊಸ ತಲೆಮಾರಿನವು, ಆದ್ದರಿಂದ ನಿಜವಾದ ಅಂತರ ಈ ಅಂಕಿಗಳಿಗಿಂತ ದೊಡ್ಡದು. ಆದರೆ ಹಳೆಯ ಟಿವಿಗೆ ಜೋಡಿಸಿಕೊಂಡಿದ್ದರೆ ಪೈ 5ಕ್ಕೆ ಅವಸರ ಪಡಬೇಡಿ. ಅದರಲ್ಲಿ ಸದ್ದು, ವೀಡಿಯೊ ಎರಡೂ ಕೊಡುವ 3.5 ಮಿಲಿಮೀಟರ್ ಜಾಕ್ ಇಲ್ಲ. ಹಳೆಯ ಟಿವಿಗೆ ಬೇಕಾದ ಕಾಂಪೊಸಿಟ್ ವೀಡಿಯೊ ಬೇಕೆಂದರೆ ಬೋರ್ಡಿನ ಮೇಲೆ ಬೆಸುಗೆ ಹಾಕಬೇಕು. ಜಿಪಿಐಒ ಪಿನ್‌ಗಳನ್ನು ನೋಡಿಕೊಳ್ಳುವ ಚಿಪ್ಪೂ ಬೇರೆ, ಹಾಗಾಗಿ ಅವುಗಳಿಗೆ ಜೋಡಿಸಿದ ಹಳೆಯ ಜಾಯ್‌ಸ್ಟಿಕ್‌ಗಳ ತಂತ್ರಾಂಶ ಕೆಲವೊಮ್ಮೆ ಕೆಲಸ ಮಾಡುವುದಿಲ್ಲ. ಇಂಥವರಿಗೆ ಪೈ 4 ಹೆಚ್ಚು ಹೊಂದುತ್ತದೆ. ಪೈ 5 ತಗೊಂಡರೆ ಅದರದೇ ಆಕ್ಟಿವ್ ಕೂಲರನ್ನೂ ತಗೊಳ್ಳಿ. ಅದರ ಫ್ಯಾನ್ 50 ಡಿಗ್ರಿಗೆ ತಿರುಗಲು ಶುರು ಮಾಡಿ, ಬಿಸಿ ಏರಿದಂತೆ ವೇಗ ಹೆಚ್ಚಿಸಿಕೊಳ್ಳುತ್ತದೆ.

ಪ್ರಶ್ನೆ: ಎಮ್ಯುಲೇಶನ್‌ಗೆಂದೇ ಪೈ 5 ತಗೊಳ್ಳುತ್ತಿದ್ದೇನೆ. 8 ಜಿಬಿ ಮೆಮರಿಯದೇ ಬೇಕೇ? ಎಸ್‌ಎಸ್‌ಡಿ ಹಾಕಿದರೆ ಆಟ ವೇಗವಾಗುತ್ತದೆಯೇ?

ಉತ್ತರ: ಎರಡೂ ಬೇಡ. 64ರಲ್ಲಿ ಇದ್ದದ್ದು 64 ಕೆಬಿ, ಅಮಿಗಾ 500ರಲ್ಲಿ 512 ಕೆಬಿ. 2 ಜಿಬಿ ಬೋರ್ಡೇ ಧಾರಾಳ. ಎಸ್‌ಎಸ್‌ಡಿಯಿಂದ ಬೂಟ್ ಬೇಗ ಆಗುತ್ತದೆ, ಆಟದ ವೇಗ ಬದಲಾಗುವುದಿಲ್ಲ. ಮುಚ್ಚಿದ ಕವಚದಲ್ಲಿ ಅದೂ ಒಂದಿಷ್ಟು ಬಿಸಿ ಸೇರಿಸುತ್ತದೆ. ಉಳಿದ ದುಡ್ಡಿನಲ್ಲಿ 5 ಆಂಪಿಯರ್ ಅಡಾಪ್ಟರ್ ತಗೊಳ್ಳಿ. ಅದಕ್ಕಿಂತ ಕಡಿಮೆಯದನ್ನು ಹಾಕಿದರೆ ಪೈ 5 ತನ್ನ ಎಲ್ಲ ಯುಎಸ್‌ಬಿ ಪೋರ್ಟುಗಳಿಗೂ ಸೇರಿ 600 ಮಿಲಿಆಂಪಿಯರ್ ಮಾತ್ರ ಕೊಡುತ್ತದೆ. ಕೀಬೋರ್ಡ್, ಎರಡು ಜಾಯ್‌ಸ್ಟಿಕ್, ಪೆನ್‌ಡ್ರೈವ್ ಎಲ್ಲ ಒಟ್ಟಿಗೆ ಸೇರಿದಾಗ ಅದು ಸಾಲದೆ ಬರಬಹುದು.